ಟೆಕ್ಸಾಸಿನ ಸೆಕೆಯಲ್ಲಿ ಮರಸು

ಆಸ್ಟಿನ್‌ನಿಂದ ಪಶ್ಚಿಮಕ್ಕೆ ಹೊರಟ 290ನೇ ಹೆದ್ದಾರಿ ಡ್ರಿಪ್ಪಿಂಗ್ ಸ್ಪ್ರಿಂಗ್ಸ್ ದಾಟಿದ ಮೇಲೆ ಏರುತ್ತ ಇಳಿಯುತ್ತ ಸಾಗುತ್ತದೆ. ಟೆಕ್ಸಾಸಿನವರು ಹಿಲ್ ಕಂಟ್ರಿ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಸೀಮೆ ಇದು. ತೀರ್ಥಹಳ್ಳಿ ಕಡೆಯವನಾದ ನನಗೆ ಅವನ್ನು ಬೆಟ್ಟ ಅನ್ನಲು ಬಾಯಿ ಬರಲಿಲ್ಲ. ಸುಣ್ಣಕಲ್ಲಿನ ದಿಬ್ಬಗಳು, ಅವುಗಳ ಮೇಲೆ ಕುಳ್ಳಗೆ ಹರಡಿದ ಲೈವ್ ಓಕ್ ಮರಗಳು, ಇಲ್ಲಿಯವರು ಸೀಡರ್ ಎಂದೇ ಕರೆಯುವ ಜೂನಿಪರ್ ಪೊದೆಗಳು, ನಡುನಡುವೆ ಪಾಪಾಸುಕಳ್ಳಿ. ಜೂನ್ ತಿಂಗಳ ಬಿಸಿಲಿಗೆ ಹುಲ್ಲೆಲ್ಲ ಒಣಗಿ ಗೋಧಿಬಣ್ಣಕ್ಕೆ ತಿರುಗಿತ್ತು. ಸ್ಟೋನ್‌ವಾಲ್ ಎಂಬಲ್ಲಿ ರಸ್ತೆ ಬದಿಯ ಅಂಗಡಿಯಲ್ಲಿ ಪೀಚ್ ಹಣ್ಣು ಕೊಂಡೆವು. 1846ರಲ್ಲಿ ಜರ್ಮನ್ ವಲಸಿಗರು ಕಟ್ಟಿದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಊಟಕ್ಕೆ ನಿಂತೆವು. ಕಾರಿನ ಪರದೆ 101 ಎಂದು ತೋರಿಸುತ್ತಿತ್ತು, ನಮ್ಮ ಲೆಕ್ಕದಲ್ಲಿ 38 ಡಿಗ್ರಿ. ಹಿಂದಿನ ಸೀಟಿನಲ್ಲಿ ಬಿಲ್ಲಿನ ಪೆಟ್ಟಿಗೆ, ಅದರ ಪಕ್ಕ ಜಾಳಿಗೆಯ ಚೀಲದಲ್ಲಿ ತುರುಕಿದ ಒಂದು ವೇಷ. ನಾನು ಹೊರಟದ್ದು ಆ ವೇಷದ ಕುತೂಹಲಕ್ಕೇ.

ಕಾರು ಓಡಿಸುತ್ತಿದ್ದವನು ನನ್ನ ಅಕ್ಕನ ಮಗ. ಊರಲ್ಲಿ ಕೋಳಿ ಕೊಯ್ಯುವಾಗ ಒಳಗೆ ಓಡಿಹೋಗುತ್ತಿದ್ದ ಹುಡುಗ. ಈಗ ಆಸ್ಟಿನ್‌ನ ಚಿಪ್ ಕಂಪನಿಯೊಂದರಲ್ಲಿ ಎಂಜಿನಿಯರ್, ವಾರಾಂತ್ಯದಲ್ಲಿ ಬಿಲ್ಲುಬೇಟೆಗಾರ. ಅವನು ಹುಡುಕಿ ಹೊರಟಿದ್ದ ಪ್ರಾಣಿ ಯಾವುದು ಎಂದು ಗೊತ್ತಾದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಬಂಡೀಪುರದ ಚುಕ್ಕಿ ಜಿಂಕೆ! 1932ರ ಹೊತ್ತಿಗೆ ಟೆಕ್ಸಾಸಿಗೆ ತಂದ ಚುಕ್ಕಿ ಜಿಂಕೆಗಳು ಬೇಲಿ ದಾಟಿ, ಸಂಸಾರ ಬೆಳೆಸಿ, ಈ ದಿಬ್ಬಗಳನ್ನೆಲ್ಲ ತಮ್ಮದು ಮಾಡಿಕೊಂಡಿವೆ. ಇಲ್ಲಿ ಅವಕ್ಕೆ ಆಕ್ಸಿಸ್ ಎಂದು ಹೆಸರು. ಕೃಷ್ಣಮೃಗವೂ ಇದೆ, ಇನ್ನೂ ದಕ್ಷಿಣಕ್ಕೆ ಹೋದರೆ ನೀಲಗಾಯ್ ಕೂಡ. ಇಲ್ಲಿಯದೇ ಆದ ಬಿಳಿಬಾಲದ ಜಿಂಕೆಗೆ ಬೇಟೆಯ ಋತು ಉಂಟು, ಇಷ್ಟೇ ಎಂಬ ಮಿತಿ ಉಂಟು. ಹೊರದೇಶದಿಂದ ಬಂದ ಇವಕ್ಕೆ ಎರಡೂ ಇಲ್ಲ. ಲೈಸೆನ್ಸ್ ಇರಬೇಕು, ಜಮೀನಿನವರ ಒಪ್ಪಿಗೆ ಇರಬೇಕು, ಅಷ್ಟೇ. ಚುಕ್ಕಿ ಜಿಂಕೆಯ ಗಂಡುಗಳು ಗಟ್ಟಿ ಕೊಂಬು ಹೊತ್ತು ಮದಕ್ಕೆ ಬರುವುದು ಇಲ್ಲಿ ಬೇಸಿಗೆಯಲ್ಲಿ. ಹಾಗಾಗಿ ಉಳಿದ ಬೇಟೆಗಾರರು ಏಸಿ ಹಾಕಿಕೊಂಡು ಮನೆಯಲ್ಲಿ ಕೂತಿರುವಾಗ ಇವರು ಮೈಗೆ ಸೊಪ್ಪುಸದೆ ಕಟ್ಟಿಕೊಂಡು ಬಿಸಿಲಲ್ಲಿ ಕೂರುತ್ತಾರೆ.

ಗಿಲ್ಲಿ ಸೂಟ್ ಎನ್ನುವ ಈ ವೇಷ ಹುಟ್ಟಿದ್ದು ಸ್ಕಾಟ್ಲೆಂಡಿನ ಚಳಿ ಮಳೆಯಲ್ಲಿ. ಅಲ್ಲಿನ ಎತ್ತರದ ಸೀಮೆಯಲ್ಲಿ ಜಮೀನ್ದಾರರಿಗೆ ಜಿಂಕೆ ತೋರಿಸಲು ಜೊತೆ ಹೋಗುತ್ತಿದ್ದ ಆಳುಗಳೇ ಗಿಲ್ಲಿಗಳು. 1900ರಲ್ಲಿ ಬೋಯರ್ ಯುದ್ಧಕ್ಕಾಗಿ ಲಾರ್ಡ್ ಲೊವಾಟ್ ಅಂಥವರನ್ನೇ ಸೇರಿಸಿ ಲೊವಾಟ್ ಸ್ಕೌಟ್ಸ್ ಎಂಬ ಪಡೆ ಕಟ್ಟಿದ. ಅವರ ಜೊತೆ ಈ ವೇಷವೂ ಸೈನ್ಯ ಸೇರಿತು. ಅಲ್ಲಿಂದ ಮುಂದಕ್ಕೆ ಅದು ಬೆಳೆದದ್ದೆಲ್ಲ ಬಂದೂಕಿನವನ ಲೆಕ್ಕದಲ್ಲಿ: ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುವವನು, ಬೆರಳೊಂದನ್ನು ಮಾತ್ರ ಆಡಿಸುವವನು. ಬಿಲ್ಲಿನವನು ಹಾಗಲ್ಲ. ಅವನು ಎದ್ದು ಕೂರಬೇಕು, ಮುಂಗೈ ಚಾಚಬೇಕು, ಹೆದೆಯನ್ನು ಕೆನ್ನೆಯವರೆಗೆ ಎಳೆಯಬೇಕು, ಅದೂ ಜಿಂಕೆ ಇಪ್ಪತ್ತು ಗಜದಲ್ಲಿ ನಿಂತಿರುವಾಗ. ಅಂಗಡಿಯ ಸೂಟುಗಳ ಮೇಲಿನ ನನ್ನ ಆಕ್ಷೇಪ ಇಷ್ಟೇ. ಅವು ಮರೆಯಾಗುವುದನ್ನು ಬಲ್ಲವು, ಬಿಲ್ಲೆಳೆಯುವುದನ್ನು ಅರಿಯವು.

ಹುಡುಗನ ಗ್ಯಾರೇಜಿನಲ್ಲಿ ಅಂಥದ್ದೊಂದು ನೇತಾಡುತ್ತಿತ್ತು. ಕಾಲಿನಿಂದ ತಲೆವರೆಗೆ ಸೆಣಬಿನ ಜಟೆ. ಎತ್ತಿ ನೋಡಿದೆ, ಮಳೆಗಾಲದಲ್ಲಿ ನೆನೆದ ಕಂಬಳಿಯ ಭಾರ. ಮೂಗಿಗೆ ಸೀಮೆಎಣ್ಣೆಯಂಥ ವಾಸನೆ ಬಡಿಯಿತು. ಸೆಣಬಿನ ಗಿರಣಿಗಳಲ್ಲಿ ನಾರು ಮೆತ್ತಗಾಗಲೆಂದು ಖನಿಜ ತೈಲ ಹಾಕುತ್ತಾರೆ. ಗೋಣಿಚೀಲ ಹೊತ್ತ ಯಾರಿಗೂ ಆ ವಾಸನೆ ಗೊತ್ತು. ಮೂಗಿನಿಂದಲೇ ಬದುಕುವ ಪ್ರಾಣಿಯ ಎದುರು ಅದನ್ನು ತೊಟ್ಟು ಕೂರುವುದೆಂದರೆ ಡಂಗುರ ಸಾರಿದಂತೆಯೇ. ಅಲ್ಲದೆ ಅಂಥ ಸೂಟಿನೊಳಗಿನ ಬಿಸಿ ಸಾಧಾರಣ ಹವೆಯಲ್ಲೇ 50 ಡಿಗ್ರಿ ಮುಟ್ಟುವುದುಂಟು. ಒಣ ಸೆಣಬು ಕಿಡಿ ತಗುಲಿದರೆ ಭಗ್ಗನೆ ಹತ್ತುತ್ತದೆ ಕೂಡ. ಅದಕ್ಕೇ ಸೈನ್ಯದವರು ಬೆಂಕಿ ತಡೆಯುವ ದ್ರಾವಣದಲ್ಲಿ ಅದ್ದುತ್ತಾರೆ.

“ಇದನ್ನ ಹಾಕ್ಕೊಂಡು ಒಂದ್ಗಂಟೆ ಕೂತರೆ ಜಿಂಕೆ ಅಲ್ಲ ಮಾಮ, ಆಂಬುಲೆನ್ಸ್ ಬರುತ್ತೆ,” ಎಂದ ಅವನು.

ಮತ್ತೆ ಎಲೆಯಾಕಾರದ ಬಟ್ಟೆತುಂಡುಗಳನ್ನು ತೆಳು ಜಾಳಿಗೆಗೆ ಹೊಲಿದ ಸೂಟುಗಳೂ ಬರುತ್ತವೆ. ಹಗುರ, ಗಾಳಿಯಾಡುತ್ತದೆ, ಸೆಕೆಗೆ ಕೊಳ್ಳುವುದೇ ಆದರೆ ಅದನ್ನೇ ಕೊಳ್ಳಬೇಕು. ಆದರೆ ಪಾಲಿಯೆಸ್ಟರ್ ಬಿಸಿಲಲ್ಲಿ ಮಿಂಚುತ್ತದೆ. ಹಸಿರೂ ಅತಿ. ಜಾರ್ಜಿಯಾದ ಜೌಗು ಕಾಡಿಗೆ ಹೊಂದೀತು. ಸುಣ್ಣಕಲ್ಲು, ಒಣಹುಲ್ಲಿನ ಈ ಸೀಮೆಗೆ ಅಲ್ಲ.

ಕೊನೆಗೆ ಅವನು ತಾನೇ ಮಾಡಿಕೊಂಡ. ಹೊರಡುವ ಹಿಂದಿನ ರಾತ್ರಿ ಅದರ ಕೊನೆಯ ಹೊಲಿಗೆಗೆ ನಾನೂ ಕೈ ಹಾಕಿದೆ. ಬುಡಕ್ಕೆ ಸೊಳ್ಳೆಯಿಂದ ಕಾಯುವ ದೊಗಲೆ ಜಾಳಿಗೆ ಅಂಗಿ. ಅದರ ಭುಜ ಮತ್ತು ಬೆನ್ನಿಗೆ ಮೀನುಬಲೆಯ ತುಂಡನ್ನು ಮೀನುಗಾಳದ ದಾರದಿಂದ ಹೊಲಿದು, ಪ್ರತಿ ಗಂಟಿನ ಮೇಲೆ ಚಪ್ಪಲಿ ಅಂಟಿಸುವ ಗೋಂದಿನ ಒಂದು ತೊಟ್ಟು. ಸೆಣಬಿಗಾಗಿ ಅವನು ಕಾಫಿ ಹುರಿಯುವವರ ಬಳಿ ಖಾಲಿ ಚೀಲ ತಂದಿದ್ದ. ಕಾಫಿ ತುಂಬುವ ಚೀಲಕ್ಕೆ ಖನಿಜ ತೈಲದ ಬದಲು ಸಸ್ಯದ ಎಣ್ಣೆ ಬಳಸುತ್ತಾರಾದ್ದರಿಂದ ಸೀಮೆಎಣ್ಣೆ ವಾಸನೆ ಇಲ್ಲ. ಚೀಲವನ್ನು ಅಡ್ಡಡ್ಡ ಕತ್ತರಿಸಿ, ಒಂದೊಂದೇ ಎಳೆ ಬಿಡಿಸಿ, ಪೆಕಾನ್ ಕಾಯಿಯ ಸಿಪ್ಪೆ ಕುದಿಸಿದ ನೀರಲ್ಲಿ ಅರ್ಧವನ್ನು ಅದ್ದಿದ್ದ. ಅದು ತಿಳಿಕಂದು ಆಯಿತು, ಉಳಿದರ್ಧ ಹುಲ್ಲಿನ ಬಣ್ಣದ್ದೇ. ಹಸಿರು ಎಳೆ ಅಲ್ಲಲ್ಲಿ ಮಾತ್ರ. ನಾಲ್ಕೈದು ಎಳೆ ಸೇರಿಸಿ ಮಡಿಸಿ, ಬಲೆಯ ಕಣ್ಣಿನಲ್ಲಿ ತೂರಿಸಿ, ತುದಿಯನ್ನು ಅದರದೇ ಕುಣಿಕೆಯೊಳಗೆ ಎಳೆದರೆ ಮುಗಿಯಿತು. ಎಲ್ಲ ಕಣ್ಣಿಗೂ ಕಟ್ಟಬಾರದು. ನಾನು ಉತ್ಸಾಹದಲ್ಲಿ ಒತ್ತೊತ್ತಾಗಿ ಕಟ್ಟಹೊರಟರೆ ಅವನು ತಡೆದ: “ಮೈ ಕಾಣಬಾರದು ಅಂತಲ್ಲ ಮಾಮ, ಮನುಷ್ಯನ ಆಕಾರ ಕಾಣಬಾರದು. ತಲೆ, ಕುತ್ತಿಗೆ, ಭುಜ ಮುರಿದರೆ ಸಾಕು.”

ಎದೆಗೆ, ಬಿಲ್ಲು ಹಿಡಿಯುವ ತೋಳಿನ ಒಳಬದಿಗೆ ಒಂದೆಳೆಯೂ ಇಲ್ಲ. ಬಿಟ್ಟ ಹೆದೆ ಹಾದುಹೋಗುವ ದಾರಿ ಅದು. ಒಂದು ನಾರು ಸಿಕ್ಕಿದರೂ ಬಾಣ ದಿಕ್ಕು ತಪ್ಪುತ್ತದೆ. ಟೋಪಿಯ ಬಲಗಡೆಯೂ ಬೋಳು. ಹೆದೆ ಎಳೆದಾಗ ಕೈ ಬಾಯಿಯ ಮೂಲೆಗೆ ಬಂದು ತಂಗಬೇಕಲ್ಲ, ಅಲ್ಲಿ ಜಾಲರಿ ಮುಸುಕು ಅಡ್ಡ ಬರಬಾರದು. ಮುಖಕ್ಕೆ ಮುಸುಕಿನ ಬದಲು ಮಸಿ ಬಣ್ಣ. ಸೊಂಟದಿಂದ ಕೆಳಗೆ ಮಾಮೂಲಿ ತೆಳು ಪ್ಯಾಂಟು, ಕಾಲಿನ ಮೇಲೆ ಎರಡು ಸೀಡರ್ ರೆಂಬೆ ಇಟ್ಟುಕೊಂಡರೆ ಆಯಿತು. ಅವನು ತೊಟ್ಟು ತೋರಿಸಿದಾಗ ಬೆನ್ನು ತಲೆ ಮುಚ್ಚಿ ಮುಂಭಾಗ ಪೂರ್ತಿ ತೆರೆದ ಆ ರೂಪ ನನಗೆ ಚಿರಪರಿಚಿತ.

“ಇದು ಗೊರಬಲ್ಲವೇನೋ! ನಿನ್ನಜ್ಜಿ ನಟ್ಟಿ ಗದ್ದೆಗೆ ಇಳಿಯುವಾಗ ಇದನ್ನೇ ಹಾಕ್ಕೊಳ್ತಿದ್ದದ್ದು.”

“ಅಜ್ಜಿದು ನೀರು ನಿಲ್ಲಿಸ್ತಿತ್ತು ಮಾಮ, ಇದು ನಿಲ್ಲಿಸಲ್ಲ.”

ಇನ್ನೊಂದು ತಕರಾರು ನನ್ನ ಬಟ್ಟೆಯದು. ಪ್ರವಾಸಕ್ಕೆಂದು ಕೊಂಡ ನೀಲಿ ಜೀನ್ಸ್ ಬೇಡವೇ ಬೇಡ ಎಂದ. ಜಾರ್ಜಿಯಾ ವಿಶ್ವವಿದ್ಯಾಲಯದಲ್ಲಿ ಬಿಳಿಬಾಲದ ಜಿಂಕೆಯ ಕಣ್ಣಿನ ಮೇಲೆ 1990ರ ದಶಕದಲ್ಲಿ ನಡೆದ ಅಧ್ಯಯನದಿಂದ ಗೊತ್ತಾದದ್ದು: ಅವಕ್ಕೆ ಕೆಂಪು ಕಿತ್ತಳೆ ಮಂಕಾಗಿ ಕಾಣುತ್ತವೆ, ನೀಲಿ ಮಾತ್ರ ನಮಗಿಂತ ಸ್ಪಷ್ಟ. ಬಟ್ಟೆ ಬೆಳ್ಳಗಾಗಲೆಂದು ಸೋಪಿನ ಪುಡಿಗೆ ಹಾಕುವ ಹೊಳಪುಕಾರಕವೂ ಅವುಗಳ ಕಣ್ಣಿಗೆ ನೀಲಿಯಾಗಿ ಬೆಳಗುತ್ತದೆ. ಎಷ್ಟು ಸೆಣಬು ಸುತ್ತಿಕೊಂಡರೇನು, ಒಳಗಿನ ಅಂಗಿಯನ್ನು ಅಂಥ ಪುಡಿಯಲ್ಲಿ ಒಗೆದಿದ್ದರೆ ಹೋಯಿತು. ನನಗೆ ಅವನದೇ ಮಣ್ಣುಬಣ್ಣದ ಪ್ಯಾಂಟು ಸಿಕ್ಕಿತು. ಸೊಂಟದಲ್ಲಿ ಬಿಗಿ.

ಫ್ರೆಡರಿಕ್ಸ್‌ಬರ್ಗ್ ದಾಟಿ ನಾವು ಮುಟ್ಟಿದ ಜಂಕ್ಷನ್ ಎಂಬ ಊರು ಲಾನೋ ನದಿಯ ಎರಡು ಕವಲು ಕೂಡುವ ಜಾಗ. ದಕ್ಷಿಣದ ಕವಲಿನ ಆಚೆ, ಕಲ್ಲುರಸ್ತೆಯ ಕೊನೆಯಲ್ಲಿ ನಾವು ಉಳಿದ ರಾಂಚು. ಟೆಕ್ಸಾಸಿನಲ್ಲಿ ಹೆಚ್ಚುಕಡಿಮೆ ಎಲ್ಲ ನೆಲವೂ ಖಾಸಗಿ. ಕಾಡಿಗೆ ಹೋಗಬೇಕಾದರೂ ಯಾರದೋ ಗೇಟು ತೆರೆಯಬೇಕು, ದುಡ್ಡು ಕೊಡಬೇಕು. ಯಜಮಾನರು ಎಪ್ಪತ್ತು ದಾಟಿದ ಸಣಕಲು ಮನುಷ್ಯ. ಮೇಕೆ ಸಾಕುತ್ತಿದ್ದ ಕುಟುಂಬ, ಈಗ ಜಿಂಕೆಯೇ ಹೆಚ್ಚು ಆದಾಯ. ನಮ್ಮ ವೇಷವನ್ನು ನೋಡಿ ಅವರು ಏನೂ ಹೇಳಲಿಲ್ಲ, ಗಾಳಿ ದಕ್ಷಿಣದಿಂದ ಬರುತ್ತಿದೆ ಎಂದಷ್ಟೇ ಹೇಳಿದರು. ಬೇಸಿಗೆಯಲ್ಲಿ ಇಲ್ಲಿ ಗಾಳಿ ಸಾಮಾನ್ಯವಾಗಿ ಮೆಕ್ಸಿಕೊ ಕೊಲ್ಲಿಯ ಕಡೆಯಿಂದಲೇ. ಅಂದರೆ ಜಿಂಕೆ ಬರುವ ಹಾದಿಯ ಉತ್ತರಕ್ಕೆ ನಾವು ಕೂರಬೇಕು. ಆಮೇಲೆ ಯೋಚಿಸಿದರೆ, ಕಣ್ಣಿಗೆ ಮಣ್ಣೆರಚುವ ವೇಷಕ್ಕಿಂತ ಮುದುಕರ ಆ ಒಂದು ಮಾತೇ ದೊಡ್ಡದು.

ಮಧ್ಯಾಹ್ನ ನಾಲ್ಕರ ಮೇಲೆ ಹೊರಟೆವು. ಹುಡುಗ ವೇಷವನ್ನು ಚೀಲದಲ್ಲೇ ಹೊತ್ತ, ತೊಡಲಿಲ್ಲ. ತೊಟ್ಟು ನಡೆದರೆ ಅಲ್ಲಿಗೆ ಮುಟ್ಟುವಾಗ ಬೆವರಿನ ವಾಸನೆಯೇ ಮುಂದೆ ಹೋಗಿರುತ್ತದೆ. ಬಟ್ಟೆಗೆಲ್ಲ ಎರಡು ದಿನ ಮೊದಲೇ ಪರ್ಮೆತ್ರಿನ್ ಸಿಂಪಡಿಸಿ ಒಣಗಿಸಿದ್ದ. ಇಲ್ಲಿ ಚಿಗ್ಗರ್ ಎಂಬ ಕಣ್ಣಿಗೆ ಕಾಣದ ಕೆಂಪು ಹುಳು, ಜೊತೆಗೆ ಉಣುಗು. ನಮ್ಮ ಕಡೆ ಉಣುಗು ಹರಡುವ ಮಂಗನ ಕಾಯಿಲೆಯ ಭಯಕ್ಕೆ ಡಿಎಂಪಿ ಎಣ್ಣೆ ಹಚ್ಚಿಕೊಂಡು ಸೊಪ್ಪಿಗೆ ಹೋಗುತ್ತಿದ್ದವರ ನೆನಪಾಯಿತು. ಒಣಹುಲ್ಲಿನ ಮುಳ್ಳುಬೀಜಗಳು ಮಾತ್ರ ಯಾವ ಔಷಧಿಗೂ ಬಗ್ಗುವುದಿಲ್ಲ. ಸೆಣಬು ಕಂಡರೆ ಅವಕ್ಕೆ ಹಬ್ಬ.

ಓಕ್ ಮರದ ಬುಡದಲ್ಲಿ, ಸೀಡರ್ ಪೊದೆಗೆ ಬೆನ್ನು ಕೊಟ್ಟು ಗಿಡ್ಡ ಕುರ್ಚಿಯಲ್ಲಿ ಅವನು. ಹತ್ತು ಹೆಜ್ಜೆ ಹಿಂದೆ ಪೊದೆಯೊಳಗೆ ನಾನು. ಗೂಡಾರದಂಥ ಬ್ಲೈಂಡಿನಲ್ಲಿ ಕೂರಬಹುದಿತ್ತು, ಆದರೆ ಈ ಬಿಸಿಲಲ್ಲಿ ಅದರೊಳಗೆ ಬೇಯಬೇಕು. ಬಯಲಲ್ಲಿ ಗಾಳಿಯಾದರೂ ಇದೆ. ಮಲೆನಾಡಿನಲ್ಲಿ ಹಿಂದೆ ಹಿರಿಯರು ಮರಸಿಗೆ ಕೂರುತ್ತಿದ್ದ, ಅಂದರೆ ಪ್ರಾಣಿ ಬರುವ ಹಾದಿಯಲ್ಲಿ ಅವಿತು ಕಾಯುತ್ತಿದ್ದ ಕತೆ ಕೇಳಿ ಬೆಳೆದವನು ನಾನು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಉಳಿದದ್ದು ಕತೆ ಮಾತ್ರ. ಕತೆಯಲ್ಲಿ ಯಾರೂ ಬೆವರುವುದಿಲ್ಲ. ಇಲ್ಲಿ ಹುಬ್ಬಿನಿಂದ ಇಳಿದ ಹನಿಯನ್ನು ಒರೆಸಿಕೊಳ್ಳುವ ಹಾಗಿಲ್ಲ. ಹುಡುಗ ಸೂಟಿಗೆ ಅಲ್ಲೇ ಕಿತ್ತ ಒಣಹುಲ್ಲಿನ ನಾಲ್ಕು ಕಂತೆ ಸಿಕ್ಕಿಸಿಕೊಂಡ. ಸೀಸೆಯಿಂದ ಬಿಳಿ ಪುಡಿ ಊದಿ ಗಾಳಿ ನೋಡಿದ. ಆಮೇಲೆ ಅವನು ಎಲ್ಲಿದ್ದಾನೆಂದು ಗೊತ್ತಿದ್ದೂ ನನ್ನ ಕಣ್ಣು ಎರಡೆರಡು ಸಲ ಹುಡುಕಬೇಕಾಯಿತು.

ಸೂರ್ಯ ದಿಬ್ಬಕ್ಕೆ ತಾಗುವ ಹೊತ್ತಿಗೆ ಅವು ಬಂದವು. ಮೊದಲು ಹೆಣ್ಣುಗಳು, ಮರಿಗಳು, ಹಿಂದೆ ಮೂರು ಕವಲಿನ ಕೊಂಬಿನ ಗಂಡು. ಹುಲಿಯೇ ಇಲ್ಲದ ನೆಲದಲ್ಲಿ ತೊಂಬತ್ತು ವರ್ಷ ಬಾಳಿದರೂ ಹುಲಿಯ ಭಯ ಮೈಯಿಂದ ಹೋಗಿಲ್ಲ. ಒಂದು ಮೇದರೆ ಇನ್ನೊಂದು ತಲೆ ಎತ್ತಿರುತ್ತದೆ. ಒಂದು ಮುದಿ ಹೆಣ್ಣು ನೇರ ಹುಡುಗನ ಕಡೆ ನೋಡಿ ಮುಂಗಾಲು ಕುಟ್ಟಿತು. ಕುತ್ತಿಗೆ ಓರೆ ಮಾಡಿ ಮತ್ತೆ ನೋಡಿತು. ಒಂದು ಭುಜ, ಒಂದು ತಲೆಯ ಗುಂಡು ಸಿಕ್ಕಿದ್ದರೆ ಸಾಕಿತ್ತು, ಕೂಗಿ ಹಿಂಡನ್ನೇ ಎಬ್ಬಿಸುತ್ತಿತ್ತು. ಏನೂ ಸಿಗದೆ ಮೇಯಲು ತಲೆ ತಗ್ಗಿಸಿತು. ಗಂಡು ಮರದ ಹಿಂದೆ ಹಾದು ಅದರ ಕಣ್ಣು ಮರೆಯಾದ ಕ್ಷಣದಲ್ಲಿ ಅವನ ಮೊಣಕೈ ಹಿಂದೆ ಸರಿಯಿತು. ಆಚೆ ಬಂದಾಗ ಬಿಲ್ಲು ಪೂರ್ತಿ ಬಾಗಿತ್ತು. ಹೆದೆ ಬಿಟ್ಟ.

ಬಾಣ ಗಂಡಿನ ಬೆನ್ನಿನ ಮೇಲಿಂದ ಹಾರಿ ಹುಲ್ಲಿಗೆ ಬಿತ್ತು. ಇಡೀ ಹಿಂಡು ಮಾಯ.

ಅವನ ಬಾಣದ ವೇಗ ಸೆಕೆಂಡಿಗೆ 280 ಅಡಿ, ಸದ್ದಿನ ವೇಗ 1,100ಕ್ಕೂ ಮೇಲೆ. ಇಪ್ಪತ್ತು ಗಜದಲ್ಲಿ ಹೆದೆಯ ಟಣ್ ಎನ್ನುವ ಸದ್ದು ಬಾಣಕ್ಕಿಂತ ಸೆಕೆಂಡಿನ ಆರನೇ ಒಂದು ಪಾಲಿನಷ್ಟು ಮೊದಲೇ ಜಿಂಕೆಯನ್ನು ಮುಟ್ಟುತ್ತದೆ. ನೆಗೆಯಲು ಅದು ಮೊದಲು ಕಾಲು ಮಡಿಸಿ ಕುಗ್ಗಬೇಕು, ಆ ಕುಗ್ಗುವಿಕೆಯೇ ಬಾಣಕ್ಕೆ ದಾರಿ ಬಿಡುತ್ತದೆ. ಈ ಆಟದಲ್ಲಿ ಚುಕ್ಕಿ ಜಿಂಕೆಯಷ್ಟು ಚುರುಕಿನದು ಇನ್ನೊಂದಿಲ್ಲ ಎಂದು ಇಲ್ಲಿಯ ಬಿಲ್ಲಿನವರು ಒಪ್ಪುತ್ತಾರೆ.

ರಾತ್ರಿ ಜಗಲಿಯಲ್ಲಿ ಕೂತು ನಾನು ಊಟದ ಫೋರ್ಕಿನಿಂದ ಸೆಣಬಿನೊಳಗಿನ ಮುಳ್ಳುಬೀಜ ಬಾಚಿ ತೆಗೆಯುತ್ತಿದ್ದೆ. ಯಜಮಾನರು ನಿಮ್ಮ ಊರಲ್ಲಿ ಇವುಗಳ ಎಷ್ಟು ಹತ್ತಿರ ಹೋಗುತ್ತೀರಿ ಎಂದು ಕೇಳಿದರು. ಬಂಡೀಪುರದ ಅತಿಥಿಗೃಹದ ಅಂಗಳಕ್ಕೇ ಮೇಯಲು ಬರುತ್ತವೆ, ನಾವು ಕಾಫಿ ಕುಡಿಯುತ್ತ ನೋಡುತ್ತೇವೆ ಎಂದೆ. ಅವರು ನಂಬಿದ ಹಾಗೆ ಕಾಣಲಿಲ್ಲ. ಹುಡುಗ ಆಗಲೇ ಹೆದೆಯ ಮೇಲೂ ಕೆಳಗೂ ಸದ್ದು ತಗ್ಗಿಸುವ ರಬ್ಬರ್ ಎಳೆ ಕಟ್ಟುವುದರಲ್ಲಿ ಮುಳುಗಿದ್ದ. ಸೂಟನ್ನು ಮುಟ್ಟಲೇ ಇಲ್ಲ. “ಅದು ಸರಿಯಾಗಿದೆ ಮಾಮ. ಬೇಕಾದರೆ ಬೆನ್ನಿನದು ಇನ್ನೊಂದು ಹಿಡಿ ಕಿತ್ತುಬಿಡಿ, ನಾಳೆ 103 ಅಂತೆ.”