ಮೂರು ಸೆಕೆಂಡಿನ ತೇಪೆ

ಹತ್ತು ಸಲ ಓಡಿಸಿದರೆ ಒಂಬತ್ತು ಸಲ ಪಾಸ್, ಒಂದು ಸಲ ಫೇಲ್. ಇಂಥ ಟೆಸ್ಟಿಗೆ ನಮ್ಮ ಕಡೆ ಫ್ಲೇಕಿ ಅಂತಾರೆ. ನಮ್ಮಮ್ಮನ ಭಾಷೆಯಲ್ಲಿ ಹೇಳೋದಾದ್ರೆ ಗ್ರಹಚಾರ.

ನಮ್ಮದು ಬಸ್ ಟಿಕೆಟ್ ಬುಕ್ ಮಾಡೋ ವೆಬ್‌ಸೈಟ್. ಅದಕ್ಕೆ ಎಂಡ್-ಟು-ಎಂಡ್ ಟೆಸ್ಟ್ ಬರೆಯೋದು ನನ್ನ ಕೆಲಸ. ಅಂದ್ರೆ, ಒಂದು ಪ್ರೋಗ್ರಾಂ ನಿಜವಾದ ಬ್ರೌಸರ್ ತೆರೆದು, ಪ್ರಯಾಣಿಕರ ಹಾಗೇ ಊರು ಆರಿಸಿ, ಸೀಟು ಒತ್ತಿ, ದುಡ್ಡು ಕಟ್ಟಿ, ಕೊನೆಗೆ ಟಿಕೆಟ್ ಬಂತಾ ಅಂತ ನೋಡುತ್ತೆ. ಮೊದಲು ಸೆಲೆನಿಯಂನಲ್ಲಿ ಬರೀತಿದ್ವಿ. 2004ರಲ್ಲಿ ಹುಟ್ಟಿದ ಟೂಲು. ಎಲ್ಲಿ ಎಷ್ಟು ಕಾಯಬೇಕು ಅಂತ ನಾವೇ ಹೇಳಿಕೊಡಬೇಕಿತ್ತು. ಆಮೇಲೆ ಪ್ಲೇರೈಟ್‌ಗೆ ಬಂದ್ವಿ. ಬಟನ್ ಕಾಣಿಸೋವರೆಗೂ, ಅಲುಗಾಡದೆ ನಿಲ್ಲೋವರೆಗೂ ಇದು ತಾನೇ ಕಾಯುತ್ತೆ. ಇಷ್ಟಾದರೂ ಸೀಟು ಆರಿಸಿ ‘ಮುಂದುವರಿಯಿರಿ’ ಒತ್ತಿದ ಮೇಲೆ ಹತ್ತರಲ್ಲೊಂದು ಸಲ ಏನೂ ಆಗ್ತಿರಲಿಲ್ಲ. 30 ಸೆಕೆಂಡ್ ಕಾದು ಟೆಸ್ಟ್ ಸತ್ತುಹೋಗ್ತಿತ್ತು.

ಗುರುವಾರ ಸಂಜೆ ರಿಲೀಸ್ ಇತ್ತು. ನಾನು ಎರಡು ಪಾಪ ಮಾಡಿದೆ. ಬಟನ್ ಒತ್ತೋ ಮುಂಚೆ ಮೂರು ಸೆಕೆಂಡ್ ಸುಮ್ಮನೆ ಕೂರು ಅಂತ ಒಂದು ಸಾಲು ಸೇರಿಸಿದೆ. ಜತೆಗೆ ರಿಟ್ರೈ 2 ಅಂತ ಹಾಕಿದೆ. ಫೇಲಾದ್ರೆ ಇನ್ನೆರಡು ಸಲ ಓಡಿಸು, ಒಂದ್ಸಲ ಪಾಸಾದ್ರೂ ಸಾಕು. ಬಿಲ್ಡ್ ಹಸಿರಾಯ್ತು. ರಿಪೋರ್ಟಿನಲ್ಲಿ ಫ್ಲೇಕಿ ಅಂತ ಬರೆದಿರುತ್ತೆ ನಿಜ, ಹಸಿರಿರುವಾಗ ಅದನ್ನ ಓದೋರು ಯಾರು?

ಎರಡು ವಾರದ ಮೇಲೆ ತೀರ್ಥಹಳ್ಳಿಯಿಂದ ಅಮ್ಮನ ಫೋನ್. ಬೆಂಗಳೂರಿಗೆ ಬರೋಕೆ ಟಿಕೆಟ್ ಮಾಡ್ತಿದ್ಲು, ಅದೂ ಮಗ ಕೆಲಸ ಮಾಡೋ ಸೈಟಲ್ಲೇ ಆಗಬೇಕು ಅಂತ ಹಟ.

“ಸೀಟೆಲ್ಲ ಬಂತು ಕಣೋ. ಮುಂದುವರಿಯಿರಿ ಅಂತಿದೆ, ಒತ್ತಿದ್ರೆ ಏನೂ ಆಗಲ್ಲ. ಮುಚ್ಚಿ ಮುಚ್ಚಿ ತೆಗೆದೆ. ನನ್ ಬೆರಳು ಒಣಗಿಹೋಗಿದೆ, ರೇಷನ್ ಅಂಗಡೀಲೂ ಹೆಬ್ಬೆಟ್ಟು ತಗೊಳ್ಳಲ್ಲ. ಅದಕ್ಕೇ ಇರ್ಬೇಕು.”

ಬೆರಳಿನ ಮಾತು ಕೇಳಿ ಹೊಟ್ಟೆಯಲ್ಲಿ ಕಲಕಿದಂಗಾಯ್ತು. ರಾತ್ರಿ ಕ್ರೋಮ್‌ನಲ್ಲಿ ನೆಟ್‌ವರ್ಕನ್ನು 3ಜಿ ವೇಗಕ್ಕೆ ಇಳಿಸಿ ನಾನೇ ಕೂತು ಒತ್ತಿದೆ. ನಮ್ಮ ಪುಟ ಸರ್ವರಿನಿಂದ ಸಿದ್ಧವಾಗಿ ಬರುತ್ತೆ, ಬಟನ್ ಬೇಗ ಕಾಣುತ್ತೆ. ಅದಕ್ಕೆ ಜೀವ ಕೊಡೋ ಜಾವಾಸ್ಕ್ರಿಪ್ಟ್ ಹಿಂದಿನಿಂದ ನಿಧಾನಕ್ಕೆ ಬರುತ್ತೆ. ಅಲ್ಲಿವರೆಗೂ ಆ ಬಟನ್ ಗೋಡೆಗೆ ಕೂರಿಸಿ ವೈರ್ ಎಳೆಯದ ಸ್ವಿಚ್ಚು. ಆಫೀಸಿನ ಫೈಬರ್‌ನಲ್ಲಿ ಆ ಸಂದಿ ಕಣ್ಣಿಗೇ ಕಾಣಲ್ಲ. ಪ್ಲೇರೈಟ್ ಮಾತ್ರ ಎಷ್ಟು ಚುರುಕು ಅಂದ್ರೆ, ಕೆಲವೊಮ್ಮೆ ಆ ಸಂದಿಯಲ್ಲೇ ಒತ್ತಿಬಿಡ್ತಿತ್ತು. ಅಮ್ಮನ ಫೋನಲ್ಲಿ ಸಂದಿಯೇ ಅರ್ಧ ನಿಮಿಷ. ಟೆಸ್ಟ್ ಮೊದಲೇ ದೂರು ಕೊಟ್ಟಿತ್ತು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ರಿಪೇರಿ ಹತ್ತು ಸಾಲೂ ಇರಲಿಲ್ಲ: ಸ್ಕ್ರಿಪ್ಟ್ ಬಂದು ಸೇರೋವರೆಗೂ ಬಟನ್ ಬೂದು ಬಣ್ಣದಲ್ಲಿ, ಒತ್ತಲಾಗದ ಹಾಗೆ ಇರಲಿ. ಆಗ ಪ್ಲೇರೈಟೂ ಕಾಯುತ್ತೆ, ಮನುಷ್ಯರೂ ಕಾಯ್ತಾರೆ. ನನ್ನ ಮೂರು ಸೆಕೆಂಡ್ ತೆಗೆದೆ. ಬದಲಿಗೆ ಸ್ಕ್ರಿಪ್ಟ್ ಫೈಲುಗಳನ್ನ ಬೇಕಂತಲೇ ಹತ್ತು ಸೆಕೆಂಡ್ ತಡೆದು ಕಳಿಸೋ ಹೊಸ ಟೆಸ್ಟ್ ಬರೆದೆ. ಟೀಮಿನವರು ಅದನ್ನ ತೀರ್ಥಹಳ್ಳಿ ಟೆಸ್ಟ್ ಅಂತಾರೆ. ರಿಟ್ರೈ ಇನ್ನೂ ಇದೆ, ಪೂರ್ತಿ ತೆಗೆಯೋ ಧೈರ್ಯ ಬಂದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಕಾಫಿ ಜತೆ ಫ್ಲೇಕಿ ಪಟ್ಟಿ ಓದ್ತೀನಿ.

ಸರಿಹೋಯ್ತು, ಈಗ ಒತ್ತಿ ನೋಡು ಅಂತ ಅಮ್ಮನಿಗೆ ಫೋನ್ ಮಾಡಿದೆ. ಅವಳು ಆಗಲೇ ಬಸ್‌ಸ್ಟ್ಯಾಂಡಿಗೆ ಹೋಗಿ ಟಿಕೆಟ್ ತಗೊಂಡು ಬಂದಿದ್ಲು. ಅದಕ್ಕೂ ಮುಂಚೆ ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಇನ್ನೊಂದ್ಸಲ ಒತ್ತಿ ನೋಡಿದ್ಲಂತೆ.