ಬೆಳ್ಳಂದೂರಿನ ನೀರಿನ ಬೆನ್ನು ಹತ್ತಿ

ಕಾವೇರಿ ಬೆಂಗಳೂರಿಗೆ ಬರುವ ಕಥೆ ಎಲ್ಲರಿಗೂ ಗೊತ್ತು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪುಗಳು ಹಂತ ಹಂತವಾಗಿ ಮೇಲೆತ್ತಿ ತರುವ ನೀರು ಅದು. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ದಿನಕ್ಕೆ 2,225 ದಶಲಕ್ಷ ಲೀಟರ್ ತರುವ ಸಾಮರ್ಥ್ಯ ಬಂದಿದೆ. ಪಾತ್ರೆ ತೊಳೆದು, ಸ್ನಾನ ಮುಗಿಸಿ, ಫ್ಲಷ್ ಒತ್ತಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೇಳಿ ನೋಡಿದೆ. ಒಬ್ಬರು ‘ಎಸ್‌ಟಿಪಿಗೆ’ (ಕೊಳಚೆ ಸಂಸ್ಕರಣಾ ಘಟಕಕ್ಕೆ) ಅಂದರು. ಅಲ್ಲಿಂದಾಚೆಗೆ ಯಾರೂ ಹೋಗಲಿಲ್ಲ. ನಾನು ಹೋದೆ.

ಬೆಳ್ಳಂದೂರಿಗೆ ದಾರಿ ಕೇಳಬೇಕಾಗಿಲ್ಲ, ಗಾಳಿ ಈ ಕಡೆ ಬೀಸಿದರೆ ಮೂಗೇ ಕರೆದುಕೊಂಡು ಹೋಗುತ್ತದೆ. 2017ರ ಫೆಬ್ರುವರಿಯಲ್ಲಿ ಹೊತ್ತಿ ಉರಿದು ದೇಶದ ಸುದ್ದಿಯಾದ ಕೆರೆ ಇದೇ. ಮಳೆ ಬಂದಾಗ ನೊರೆ ರಸ್ತೆಗೇ ಹಾರಿ ಬೈಕಿನವರ ಹೆಲ್ಮೆಟ್ ಮೇಲೆ ಕೂರುತ್ತಿದ್ದ ಕಾಲವೂ ಇತ್ತು. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಚರಂಡಿ ನೀರೆಲ್ಲ ಇಲ್ಲಿಗೆ ಇಳಿಯುತ್ತದೆ. ಆ ಕಣಿವೆಯ ಹೆಸರನ್ನೇ ಮೊಟಕು ಮಾಡಿ ಕೆ.ಸಿ. ವ್ಯಾಲಿ ಯೋಜನೆ ಎಂದು ಕರೆದರು. ನಗರದ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 440 ದಶಲಕ್ಷ ಲೀಟರ್‌ನಷ್ಟು ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವುದು ಉದ್ದೇಶ. ಒಟ್ಟು 126 ಕೆರೆಗಳು. ಅವುಗಳಲ್ಲಿ ನಾಲ್ಕೈದು ಮಾತ್ರ ಚಿಕ್ಕಬಳ್ಳಾಪುರ ಜಿಲ್ಲೆಯವು. ಪಂಪ್‌ಹೌಸಿನ ಗೇಟಿನ ಹೊರಗೆ ನಿಂತರೆ ಕಾಣುವುದು ಕಾಂಪೌಂಡು, ಕೇಳುವುದು ಮೋಟರಿನ ಗುಂಯ್ ಅನ್ನುವ ಸದ್ದು, ಅಷ್ಟೇ.

ಪೈಪ್‌ಲೈನು ನೆಲದೊಳಗೆ ಹೋದರೆ ನಾನು ರಾಷ್ಟ್ರೀಯ ಹೆದ್ದಾರಿ 75 ಹಿಡಿದೆ. ಹೊಸಕೋಟೆಯಲ್ಲಿ ಬೆಳಗಿನ ಜಾವದ ದಮ್ ಬಿರಿಯಾನಿಗೆ ಬೆಂಗಳೂರಿನಿಂದ ಕಾರು ಹತ್ತಿ ಬಂದ ಹುಡುಗರು ಸಾಲುಗಟ್ಟಿ ನಿಂತಿದ್ದರು. ಅವರಿಗೆ ಊರು ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದ ಮುಂದಕ್ಕೆ ರಸ್ತೆಯ ಎರಡೂ ಬದಿ ಲೇಔಟ್ ಕಲ್ಲುಗಳು, ನಡುನಡುವೆ ನೀಲಗಿರಿ ತೋಪು, ಮತ್ತೆ ಕಲ್ಲುಗಳು. ರಾಗಿ ಹೊಲ ಕಾಣಲು ಕೋಲಾರದ ಗಡಿ ದಾಟಬೇಕಾಯಿತು.

ಯೋಜನೆಯ ಮೊದಲ ನೀರು 2018ರ ಜೂನ್‌ನಲ್ಲಿ ಇಲ್ಲಿನ ಲಕ್ಷ್ಮೀಸಾಗರದ ಕೆರೆಗೆ ಬಿತ್ತು. ಬರಡು ಜಿಲ್ಲೆ ಕೋಲಾರಕ್ಕೆ ಅದು ಹಬ್ಬ. ಮುಂದಿನ ತಿಂಗಳೇ ನೀರಿನ ಜೊತೆ ನೊರೆಯೂ ಬಂತು. ಬೆಳ್ಳಂದೂರನ್ನು ಟಿವಿಯಲ್ಲಿ ನೋಡಿದ್ದ ಜನ ಬೆಚ್ಚಿಬಿದ್ದರು. ಹೈಕೋರ್ಟು ಆಯಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆಯೂ ಆಯಿತು, ಕೆಲವು ತಿಂಗಳ ಮೇಲೆ ನೀರು ಮತ್ತೆ ಹರಿಯಿತು. ನಾನು ಕಂಡಾಗ ಕೆರೆ ತುಂಬಿತ್ತು. ಬಣ್ಣ ಹಸಿರು. ಪೈಪಿನ ಬಾಯಲ್ಲಿ ತೆಳುವಾಗಿ ನೊರೆ, ದಡದ ಒಂದು ಮೂಲೆಯಲ್ಲಿ ಅಂತರಗಂಗೆ ಗಿಡ, ನೀರಕಾಗೆಗಳು, ಬಲೆ ಬಿಡಿಸುತ್ತಿದ್ದ ಇಬ್ಬರು. ಏರಿಯ ಮೇಲೆ ಹಸು ಹೊಡೆದುಕೊಂಡು ಬರುತ್ತಿದ್ದ ಹಿರಿಯರೊಬ್ಬರು ನಮ್ಮ ಕಾರು ನೋಡಿ ನಿಂತರು.

“ಏನ್ ಸಾರ್, ನಿಮ್ಮೂರ ನೀರು ನೋಡಕ್ಕೆ ಬಂದ್ರಾ?”

“ಹೂಂ ಯಜಮಾನ್ರೇ. ಹೆಂಗಿದೆ?”

“ಮುಂಚೆ ಬೋರ್ ಹೊಡ್ಸಿದ್ರೆ ಧೂಳು ಬರ್ತಿತ್ತು. ಈಗ ನೀರು ಬರ್ತೈತೆ. ಕುಡಿಯಕ್ಕೆ ಧೈರ್ಯ ಇಲ್ಲ. ಬೆಳೆಗೆ ಆಗ್ತೈತೆ.”

ಅವರ ನಾಲ್ಕು ಮಾತಿನಲ್ಲಿ ಇಡೀ ಯೋಜನೆಯ ಲಾಭ ನಷ್ಟ ಎರಡೂ ಬಂದವು. ಕೆರೆಯಿಂದ ನೇರವಾಗಿ ಯಾರೂ ನೀರೆತ್ತುವಂತಿಲ್ಲ. ಅದು ನಿಂತು, ಇಂಗಿ, ಸುತ್ತಲ ಬೋರ್‌ವೆಲ್‌ಗಳಿಗೆ ಜೀವ ಕೊಡಬೇಕು ಎಂಬುದು ಲೆಕ್ಕಾಚಾರ. ಆ ಲೆಕ್ಕ ತಪ್ಪಿಲ್ಲ. ನೀರು ಬಂದ ಕೆರೆಗಳ ಸುತ್ತ ಅಂತರ್ಜಲ ಏರಿದ್ದನ್ನು ಭಾರತೀಯ ವಿಜ್ಞಾನ ಸಂಸ್ಥೆಯವರೂ ದಾಖಲಿಸಿದ್ದಾರೆ. ಸಂಸ್ಕರಣೆ ಎರಡೇ ಹಂತಕ್ಕೆ ನಿಂತಿರುವುದರಿಂದ ಲೋಹದ ಅಂಶ, ಸಾಬೂನಿನ ರಂಜಕ ಉಳಿಯುತ್ತವೆಂದು ಎಚ್ಚರಿಸಿದ ವಿಜ್ಞಾನಿಗಳೂ ಇದ್ದಾರೆ. ಎರಡೂ ಮಾತು ಒಟ್ಟಿಗೇ ನಿಜವಾಗಬಹುದು. ಆದರೆ ನಮ್ಮಲ್ಲಿ ಒಂದನ್ನು ಹೇಳಿದವರು ಇನ್ನೊಂದನ್ನು ಹೇಳುವವರ ವೈರಿಗಳಾಗಿಬಿಡುತ್ತಾರೆ.

ಕೋಲಾರದವರಿಗೆ ಈ ನೀರು ಯಾಕೆ ಬೇಕಾಯಿತು ಎಂಬುದನ್ನು ಬೋರ್‌ವೆಲ್ ಲಾರಿಗಳೇ ಹೇಳುತ್ತವೆ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಹರಿಯುವುದು ಇದೇ ಜಿಲ್ಲೆಯಲ್ಲಿ, ಆದರೆ ಹೆಚ್ಚಿನ ವರ್ಷ ಅದರಲ್ಲಿ ಮರಳೇ ಕಾಣುವುದು. ಹಿಂದಿನವರು ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ ಹೋಗುವಂತೆ ಸಾವಿರಾರು ಕೆರೆ ಕಟ್ಟಿದರು. ನಾವು ರಾಜಕಾಲುವೆ ಮುಚ್ಚಿದೆವು, ಕೆರೆಯಂಗಳದಲ್ಲಿ ನೀಲಗಿರಿ ನೆಟ್ಟೆವು, ಆಮೇಲೆ ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್ ಲಾರಿ ಕರೆಸಿದೆವು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುವವನು ಕಾಯಿ ಎದ್ದು ನಿಂತ ಕಡೆ ‘ಪಾಯಿಂಟ್’ ಗುರುತು ಮಾಡುತ್ತಾನೆ. ಸಾವಿರ, ಸಾವಿರದ ಇನ್ನೂರು, ಸಾವಿರದ ಐನೂರು ಅಡಿ. ಸಿಕ್ಕರೆ ಫ್ಲೋರೈಡ್ ನೀರು, ಸಿಗದಿದ್ದರೆ ಸಾಲ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಆದೇಶಿಸಿದ್ದು 2017ರಲ್ಲಿ, ಊರು ಒಣಗಿದ ಮೇಲೆ. ಪಶ್ಚಿಮ ಘಟ್ಟದಿಂದ 24 ಟಿಎಂಸಿ ತರುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಶಂಕುಸ್ಥಾಪನೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತದ ಪಂಪುಗಳು ತಿರುಗಿದವು. ಘಟ್ಟದ ನೀರಿನ ಮಾತು ಕೇಳುತ್ತಲೇ ಇದ್ದ ಕೋಲಾರಕ್ಕೆ ಮೊದಲು ತಲುಪಿದ್ದು ಬೆಂಗಳೂರಿನ ಬಚ್ಚಲ ನೀರು.

ಇದೇ ಜಿಲ್ಲೆಯ ನರಸಾಪುರದಲ್ಲಿ ದೃಶ್ಯ ಬೇರೆ. ಹೋಂಡಾ ಸ್ಕೂಟರ್ ಕಾರ್ಖಾನೆ, ಟಾಟಾದವರು ವಿಸ್ಟ್ರಾನ್‌ನಿಂದ ಕೊಂಡ ಐಫೋನ್ ಜೋಡಣೆ ಘಟಕ. ಶಿಫ್ಟ್ ಬದಲಾಗುವ ಹೊತ್ತು, ಬಸ್ಸು ಬಸ್ಸುಗಳ ತುಂಬ ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ಹುಡುಗಿಯರು. ಟೀ ಅಂಗಡಿಯಲ್ಲಿ ಸಿಕ್ಕ ಒಬ್ಬಳು ಮುಳಬಾಗಿಲು ಕಡೆಯವಳು. “ಅಪ್ಪಂದು ಎರಡೆಕ್ರೆ ಐತೆ ಸಾರ್. ಬೆಳೆ ಬಂದ್ರೆ ಬರ್ತೈತೆ, ಇಲ್ದಿದ್ರೆ ಇಲ್ಲ. ನನ್ ಸಂಬ್ಳ ತಿಂಗ್ಳಾ ತಿಂಗ್ಳಾ ಬರ್ತೈತೆ” ಅಂದಳು. ಹಳ್ಳಿಯ ಕಷ್ಟಕ್ಕೆ ಕೈಗಾರಿಕೆ ಮದ್ದಲ್ಲ ಎಂದು ವಾದಿಸುವವರ ಎದುರು ಇವಳನ್ನು ಕೂರಿಸಬೇಕು. ಕೈಗಾರಿಕೆಯೊಂದೇ ಮದ್ದು ಎನ್ನುವವರ ಎದುರೂ ಕೂರಿಸಬೇಕು, ಏಕೆಂದರೆ ಕೆಲಸ ಕಾಯಂ ಅಲ್ಲ, ಗುತ್ತಿಗೆ.

ಕೋಲಾರದ ಎಪಿಎಂಸಿಗೆ ಬೆಳಿಗ್ಗೆಯೇ ಹೋಗಬೇಕು. ಕಣ್ಣು ಹಾಯುವವರೆಗೂ ಪ್ಲಾಸ್ಟಿಕ್ ಕ್ರೇಟು, ಅದರ ತುಂಬ ಟೊಮೆಟೊ. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು ಇದು. ಹರಾಜು ಕೂಗುವವನು ಒಂದು ರಾಶಿಯ ಮುಂದೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಆ ಅರ್ಧ ನಿಮಿಷದಲ್ಲಿ ಮೂರು ತಿಂಗಳ ದುಡಿಮೆಯ ಬೆಲೆ ತೀರ್ಮಾನ. ಇಲ್ಲಿ ಲೆಕ್ಕ 15 ಕೆ.ಜಿ. ಬಾಕ್ಸಿನದು. 2023ರ ಜುಲೈನಲ್ಲಿ ಅದೇ ಬಾಕ್ಸು ಎರಡು ಸಾವಿರ ರೂಪಾಯಿ ದಾಟಿ, ಹೊಲಕ್ಕೆ ಕಾವಲು ಹಾಕುವ ಸ್ಥಿತಿ ಬಂದಿತ್ತು. ಬೇರೆ ವರ್ಷಗಳಲ್ಲಿ ಬಿಡಿಸುವ ಕೂಲಿಯೂ ಹುಟ್ಟದೆ ರಸ್ತೆ ಬದಿ ಸುರಿದು ಹೋದದ್ದೂ ಉಂಟು. ಸಸಿ, ಕಡ್ಡಿ, ಡ್ರಿಪ್ಪು, ಮಲ್ಚಿಂಗ್ ಹಾಳೆ, ಬಿಂಗಿ ರೋಗಕ್ಕೆ ಔಷಧಿ ಎಲ್ಲದಕ್ಕೂ ಮೊದಲೇ ಕಾಸು ಹಾಕಿದ ರೈತ ಮಂಡಿಯವರ ಮುಖ ನೋಡಿಕೊಂಡು ನಿಂತಿರುತ್ತಾನೆ. ಅವನಿಗೆ ಮುಂಗಡ ಕೊಟ್ಟವರೂ ಎಷ್ಟೋ ಸಲ ಅದೇ ಮಂಡಿಯವರು.

ಇಲ್ಲಿ ಒಂದು ಯೋಚನೆ ಕಾಡಿತು. ಈ ಟೊಮೆಟೊ ಬೆಂಗಳೂರಿನ ಸಾರಿಗೂ ಬೀಳುತ್ತದೆ, ಕೋಲಾರದ ಹಾಲು ಬೆಂಗಳೂರಿನ ಕಾಫಿಗೂ ಹೋಗುತ್ತದೆ. ನಾವು ಬಿಟ್ಟ ನೀರಿನಲ್ಲಿ ಏನುಳಿದಿದೆಯೋ ಅದು ನಮ್ಮ ತಟ್ಟೆಗೇ ಹಿಂತಿರುಗಬಹುದು. ಹಾಗೆಂದು ಕೋಲಾರದ ತರಕಾರಿ ಬೇಡ ಎನ್ನುವುದು ಕೃತಘ್ನತೆ.

ಬಂಗಾರಪೇಟೆ ದಾಟಿ ಕೆಜಿಎಫ್ ಸೇರಿದಾಗ ಸಂಜೆ. ಇದೇ ಹೆಸರಿನ ಸಿನಿಮಾ ನೋಡಿ ಬಂದವರಿಗೆ ಇಲ್ಲಿ ನಿರಾಸೆಯೇ. ಬೂದು ಬಣ್ಣದ ಸೈನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟ್ ಗೋಪುರಗಳು, ಕಾರ್ಮಿಕರ ಒಂದೇ ಅಳತೆಯ ಪುಟ್ಟ ಲೈನ್ ಮನೆಗಳು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಚಿನ್ನ ತೆಗೆದ ಊರು ಇದು. 1902ರಲ್ಲಿ ಶಿವನಸಮುದ್ರದಿಂದ ಕಾವೇರಿಯ ಕರೆಂಟು ನೇರವಾಗಿ ಇಲ್ಲಿಗೆ ಬಂತು, ಬೆಂಗಳೂರಿನ ಬೀದಿ ದೀಪಗಳು ಅದನ್ನು ಕಂಡದ್ದು 1905ರಲ್ಲಿ. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಊರಿನ ಎಷ್ಟೋ ಮಂದಿ ಮನೆ ಬಿಟ್ಟು ಬೆಂಗಳೂರಿಗೆ ಹೋಗಲಿಲ್ಲ, ಅಲ್ಲಿ ಬಾಡಿಗೆ ಕೊಡುವ ಶಕ್ತಿ ಇರಲಿಲ್ಲ. ಕೆಲಸಕ್ಕೆ ದಿನಾ ರೈಲು ಹಿಡಿದರು.

ಮರುದಿನ ಕತ್ತಲಿರುವಾಗಲೇ ಮಾರಿಕುಪ್ಪಂನಲ್ಲಿ ನಾನೂ ಹತ್ತಿದೆ. ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರ. ಬಂಗಾರಪೇಟೆ ಹೊತ್ತಿಗೆ ಕಾಲಿಡಲು ಜಾಗವಿಲ್ಲ. ಸೀಟಿನ ಒಡೆತನ ಅಲ್ಲಿ ವರ್ಷಗಳ ಹಳೆಯದು. ಗೊತ್ತಿಲ್ಲದೆ ಕೂತ ನನ್ನನ್ನು ಒಬ್ಬರು ನಯವಾಗಿಯೇ ಎಬ್ಬಿಸಿದರು. ಆಮೇಲೆ ತಮ್ಮ ಡಬ್ಬಿಯ ಇಡ್ಲಿ ಕೊಟ್ಟು, ಪಕ್ಕದವರನ್ನು ಸರಿಸಿ, ಅರ್ಧ ಸೀಟು ಮಾಡಿಕೊಟ್ಟರು. ಆಸ್ಪತ್ರೆಯ ವಾರ್ಡ್ ಬಾಯ್, ಮಾಲ್‌ನ ಸೆಕ್ಯುರಿಟಿ, ಗಾರ್ಮೆಂಟ್ಸ್ ಹೆಂಗಸರು, ಹೂವು ಕಟ್ಟುತ್ತ ಕೂತ ಅಮ್ಮ. ತಮಿಳು, ತೆಲುಗು, ಕನ್ನಡ ಒಂದೇ ವಾಕ್ಯದಲ್ಲಿ. ವೈಟ್‌ಫೀಲ್ಡ್‌ನಲ್ಲಿ ಅರ್ಧ ಬೋಗಿ ಖಾಲಿ. ರಾತ್ರಿ ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ ಎಂದು ಇಡ್ಲಿ ಕೊಟ್ಟವರು ಹೇಳಿದರು, ದೂರಿನ ದನಿಯಲ್ಲಲ್ಲ.

ಹಳ್ಳಿಗೆ ಒಂದು ಯೋಜನೆ, ನಗರಕ್ಕೆ ಇನ್ನೊಂದು ಎಂದು ಕಡತ ಬೇರೆ ಮಾಡಿ ಕೂತರೆ ಕೋಲಾರ ಅರ್ಥವಾಗುವುದಿಲ್ಲ. ಬೆಂಗಳೂರು ಇಲ್ಲಿಂದ ತರಕಾರಿ, ಹಾಲು, ಆಳು ತರಿಸಿಕೊಳ್ಳುತ್ತದೆ. ಕೊಡುವುದು ಅರೆ ಶುದ್ಧ ನೀರು. ನೀರು ಕಳಿಸಿದ್ದು ತಪ್ಪಲ್ಲ, ಅರ್ಧ ತೊಳೆದು ಕಳಿಸಿದ್ದು ತಪ್ಪು. ಮೂರನೇ ಹಂತದ ಸಂಸ್ಕರಣೆ ಬೇಕೆಂದು ಕೋಲಾರದ ರೈತರು ವರ್ಷಗಳಿಂದ ಕೇಳುತ್ತಿದ್ದಾರೆ. ಆ ಘಟಕ ಕಟ್ಟಬೇಕಾದದ್ದು ಬೆಂಗಳೂರಿನಲ್ಲಿ, ಕಟ್ಟಲು ತಗಲುವ ಹಣ ಬರಬೇಕಾದದ್ದು ಬೆಂಗಳೂರಿನವರ ನೀರಿನ ಬಿಲ್ಲಿನಿಂದ. ಬಿಲ್ಲು ಹತ್ತಿಪ್ಪತ್ತು ರೂಪಾಯಿ ಜಾಸ್ತಿಯಾದರೆ ನಾನು ಗೊಣಗದೆ ಕಟ್ಟುತ್ತೇನೆ. ನಗರದ ಓದುಗರೇ, ನೀವೂ ಕಟ್ಟಿ. ಅದಕ್ಕೂ ಮೊದಲು ಓಟು ಕೇಳಲು ಬಂದವರನ್ನು ಈ ಮೂರನೇ ಹಂತ ಯಾವಾಗ ಎಂದು ಕೇಳಿ.