ಮುಳುಗು, ಮುಳುಗಿಸು

ನನಗೆ ಈಜು ಬಾರದು. ಈಜು ಬಾರದವರು ದ್ವೀಪಕ್ಕೆ ಹೋಗಿ ಅಲ್ಲಿಯ ಹುಡುಗರಿಗೆ ಏನು ಕಲಿಸಿಯಾರು ಎಂದು ಹೊರಡುವ ದಿನವೇ ನನ್ನ ಮನೆಯವರು ಕೇಳಿದ್ದರು. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನಾಲ್ಕು ದಿನ ಕಳೆದ ಮೇಲೆ. ಅದೂ ನನ್ನ ಮರ್ಯಾದೆಗೆ ಅಷ್ಟೇನೂ ಅನುಕೂಲವಾದ ಉತ್ತರವಲ್ಲ.

ದ್ವೀಪವೆಂದರೆ ಅಂಡಮಾನೂ ಅಲ್ಲ, ಲಕ್ಷದ್ವೀಪವೂ ಅಲ್ಲ. ನಮ್ಮ ಸಾಗರ ತಾಲ್ಲೂಕಿನ ತುಮರಿ ಸೀಮೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ತಿರುಗಿದಾಗ ತಗ್ಗಿನ ಊರುಗಳೆಲ್ಲ ನೀರೊಳಗಾಗಿ, ಎತ್ತರದವು ಆಚೆ ದಡದಲ್ಲಿ ಉಳಿದವು. ಭೂಪಟ ಹಿಡಿದು ವಾದಿಸುವವರಿಗೆ ಇದು ದ್ವೀಪವೇ ಅಲ್ಲ, ಕೊಲ್ಲೂರಿನ ಕಡೆಗೆ ನೆಲದ ದಾರಿಯುಂಟು. ಆದರೆ ಸಾಗರದ ಆಸ್ಪತ್ರೆಗೋ ಕಾಲೇಜಿಗೋ ಹೊರಟವನಿಗೆ ಭೂಪಟದಿಂದ ಏನು ಪ್ರಯೋಜನ? ಅವನ ಎದುರಿಗಿದ್ದುದು ನೀರು, ಕಾದಿದ್ದು ಲಾಂಚು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಅಂದಿನ ರಾತ್ರಿ ಈಚೆ ದಡದಲ್ಲಿಯೇ.

2024ರ ಚಳಿಗಾಲದಲ್ಲಿ ಅಲ್ಲಿ ಐದು ದಿನಗಳ ಒಂದು ಶಿಬಿರ. ಹಳ್ಳಿಯ ತರುಣರು ಮೊಬೈಲು, ಗಣಕಯಂತ್ರಗಳನ್ನು ಬಳಸಿ ಒಟ್ಟಾಗಿ ದುಡಿಯುವುದನ್ನೂ ಕಲಿಯುವುದನ್ನೂ ರೂಢಿಸಿಕೊಳ್ಳಬೇಕೆಂಬುದು ಅದರ ಉದ್ದೇಶ. ಯಂತ್ರ ಬಲ್ಲ ಕಿರಿಯ ಸಹೋದ್ಯೋಗಿಗಳೆಲ್ಲ ಒಂದೊಂದು ನೆಪ ಹೇಳಿ ನುಣುಚಿಕೊಂಡುದರಿಂದ, ನೆಪ ಹೇಳಲು ತಿಳಿಯದ ಕನ್ನಡ ಮೇಷ್ಟರ ಹೆಗಲಿಗೆ ಅದು ಬಂದಿತು. ಹೊಳೆಬಾಗಿಲಿನಲ್ಲಿ ಬಸ್ಸಿನೊಡನೆ ಬಸ್ಸಿನೊಳಗಿದ್ದ ನನ್ನನ್ನೂ ಲಾಂಚಿಗೆ ಏರಿಸಿದರು. ಪಕ್ಕದಲ್ಲಿ ಹೊಸ ಸೇತುವೆಯ ಕಂಬಗಳು ಎದ್ದು ನಿಂತಿದ್ದವು. ಲಾಂಚು ದಡ ಬಿಟ್ಟ ಕೂಡಲೆ ನಾನು ಕಿಟಕಿಯ ಸರಳನ್ನು ಬಿಗಿಯಾಗಿ ಹಿಡಿದುದನ್ನು ಯಾರೂ ನೋಡಲಿಲ್ಲವೆಂದು ನಂಬಿದ್ದೇನೆ.

ಹದಿನಾಲ್ಕು ಮಂದಿ ಬಂದಿದ್ದರು. ನಾನು ಗೂಗಲ್ ಡಾಕ್ ಎಂಬ ಕಡತದ ಮಹಿಮೆಯನ್ನು ಬಣ್ಣಿಸಿದೆ. ಒಂದೇ ಹಲಗೆ, ಹತ್ತು ಊರಿನ ಹತ್ತು ಮಂದಿ ಏಕಕಾಲಕ್ಕೆ ಅದರ ಮೇಲೆ ಬರೆಯಬಹುದು, ಒಬ್ಬರದನ್ನೊಬ್ಬರು ತಿದ್ದಬಹುದು, ಯಾರು ಯಾವಾಗ ಏನು ಬದಲಿಸಿದರೆಂಬುದೂ ಉಳಿದಿರುತ್ತದೆ ಎಂದೆ. ಹುಡುಗರು ವಿನಯದಿಂದ ಕೇಳಿದರು. ಆಮೇಲೆ ಒಬ್ಬನು ಅಷ್ಟೇ ವಿನಯದಿಂದ, “ಸರ್, ಇಲ್ಲಿ ಸಿಗ್ನಲ್ ಇಲ್ಲ” ಎಂದ. ಲಾಂಚಿನ ದಡದಲ್ಲಿ ಚಹಾದಂಗಡಿ ನೋಡಿಕೊಳ್ಳುತ್ತಿದ್ದವನು ಅವನು. ಪದವಿಯನ್ನು ಎರಡನೆಯ ವರ್ಷಕ್ಕೆ ಬಿಟ್ಟಿದ್ದ.

ಸಿಗ್ನಲ್ ಇದ್ದುದು ಶಾಲೆಯ ಹಿಂದಿನ ಗುಡ್ಡದ ಮೇಲೆ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಗುಡ್ಡ ಹತ್ತಿ ಪಾಠ ಕೇಳಿದ್ದನ್ನು ನಾನು ಪತ್ರಿಕೆಯಲ್ಲಿ ಓದಿ ಮರುಗಿದ್ದೆ. ಮರುಗಿದವನು ಈಗ ಸ್ವತಃ ಹತ್ತಬೇಕಾಯಿತು. ಉಪಾಯವೇನೋ ಇತ್ತು: ಕಡತವನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಂಡು ಕೆಳಗೆ ಕುಳಿತು ಬರೆಯುವುದು, ಮೇಲೆ ಹೋದಾಗ ಫೋನು ತಾನಾಗಿ ಬರೆದುದನ್ನು ಒಪ್ಪಿಸಿ, ಉಳಿದವರು ಬರೆದುದನ್ನು ತರುತ್ತದೆ. ಹೀಗೆ ಗುಡ್ಡ ಹತ್ತುವುದಕ್ಕೆ ಹುಡುಗರು “ಸಿಂಕಿಗೆ ಹೋಗುವುದು” ಎಂದು ಹೆಸರಿಟ್ಟರು. ಮೊದಲ ದಿನದ ಸಿಂಕು ದೊಡ್ಡ ರಾದ್ಧಾಂತವಾಯಿತು. ಎಲ್ಲರೂ ಒಂದೇ ಸಾಲನ್ನು ತಿದ್ದಿದ್ದರಿಂದ ವಾಕ್ಯದೊಳಗೆ ವಾಕ್ಯ ಹೊಕ್ಕಿತ್ತು. ಒಬ್ಬನು ಒಂದು ಪುಟವನ್ನೇ ಅಳಿಸಿಬಿಟ್ಟಿದ್ದ. ಹಳೆಯ ಪ್ರತಿಯನ್ನು ಮತ್ತೆ ತರಬಹುದೆಂದು ತೋರಿಸಿದ ಮೇಲೆ ಜಗಳ ನಿಂತಿತು.

ಎರಡನೆಯ ದಿನ ಅವರೇ ಒಂದು ಕ್ರಮ ಮಾಡಿಕೊಂಡರು. ಮಲೆನಾಡಿನ ಮುಯ್ಯಾಳಿನ ಪದ್ಧತಿ ನಿಮಗೆ ಗೊತ್ತಿರಬಹುದು: ಇಂದು ನಿಮ್ಮ ಮನೆಯ ಅಡಿಕೆ ಸುಲಿಯಲು ನಾವು ಬಂದರೆ, ನಾಳೆ ನಮ್ಮ ಮನೆಗೆ ನೀವು. ಸುಲಿಯುವ ಅಂಗಳದಲ್ಲಿ ಒಬ್ಬರ ಮೆಟ್ಟುಗತ್ತಿಯ ಮುಂದೆ ಇನ್ನೊಬ್ಬರು ಕೈ ಚಾಚುವುದಿಲ್ಲ. ಹಾಗೆಯೇ ಒಬ್ಬರಿಗೆ ಒಂದು ಸಾಲು. ಬೇರೆಯವರ ಸಾಲಿನಲ್ಲಿ ತಪ್ಪು ಕಂಡರೆ ಅಳಿಸುವಂತಿಲ್ಲ, ಸಲಹೆ ಹಾಕಬೇಕು. ಒಟ್ಟಾಗಿ ದುಡಿಯುವುದನ್ನು ಕಲಿಸಲು ಬಂದ ನಾನು ಟಿಪ್ಪಣಿ ಮಾಡಿಕೊಂಡೆ.

ಆದರೆ ಬರೆಯುವುದು ಏನನ್ನು? “ನಮ್ಮೂರಿನ ಸೊಬಗು” ಎಂದು ನಾನು ಕೊಟ್ಟ ವಿಷಯಕ್ಕೆ ಹದಿನಾಲ್ಕು ಮಂದಿಯೂ ಸೂರ್ಯಾಸ್ತವನ್ನು ಎಲ್ಲಿಂದಲೋ ಎತ್ತಿ ತಂದು ಅಂಟಿಸಿದರು. ಚಹಾದಂಗಡಿಯ ಹುಡುಗ ತಲೆ ಕೆರೆಯುತ್ತ, “ಸರ್, ನೀರಿನಡಿ ಇರೋ ಊರುಗಳ ಹೆಸರು ಬರೆಯೋಣವಾ? ಹೇಳುವವರು ಇನ್ನು ಕೆಲವರೇ ಇದ್ದಾರೆ” ಎಂದ.

ಅಂದಿನಿಂದ ಶಿಬಿರದ ಕಳೆಯೇ ಬೇರೆಯಾಯಿತು. ಒಂದು ಪಟ್ಟಿ ಸಿದ್ಧವಾಯಿತು: ಊರು, ಮನೆಗಳು, ಹಳ್ಳ, ಬಾವಿ, ದೇವರ ಬನ, ಕೊನೆಯ ಅಂಕಣದಲ್ಲಿ “ಹೇಳಿದವರು”. ಸಂಜೆ ಫೋನು ಹಿಡಿದು ಮುದುಕರ ಜಗಲಿಗಳಿಗೆ ಹೋಗಿ ಮಾತನ್ನು ದಾಖಲಿಸಿಕೊಂಡು ಬರುವರು; ಬೆಳಿಗ್ಗೆ ಅದನ್ನು ಬರಹಕ್ಕಿಳಿಸುವರು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದು ರೂಢಿಯಾದ ಬೆರಳುಗಳು ಒತ್ತಕ್ಷರಗಳಿಗೆ ಹೊಂದಿಕೊಂಡವು, ಏಕೆಂದರೆ ಅಜ್ಜಂದಿರು ಹೇಳಿದ ಹೆಸರುಗಳು ಆ ಅಕ್ಷರಗಳಲ್ಲಿ ಹಿಡಿಸುತ್ತಿರಲಿಲ್ಲ. ಬೇಸಗೆಯಲ್ಲಿ ನೀರಿಳಿದಾಗ ಮರದ ಬೊಡ್ಡೆಗಳೂ ಹಳೆಯ ದಾರಿಯೂ 1948ರ ಮಡೆನೂರು ಅಣೆಕಟ್ಟೂ ಮೇಲೆ ಕಾಣುತ್ತವೆ. ಲಿಂಗನಮಕ್ಕಿಯ ನೀರು ತನಗಿಂತ ಹಿರಿಯ ಅಣೆಕಟ್ಟನ್ನೂ ಬಿಟ್ಟಿಲ್ಲ! ಆ ಹಳೆಯ ದಾರಿಯ ಮೇಲೆ ಯಾವ ಊರಿನ ಮುಂದೆ ಯಾವ ಊರು ಎಂಬುದಕ್ಕೆ ಇಬ್ಬರು ಮುದುಕರು ಎರಡು ಬಗೆ ಹೇಳಿದರು. ಹುಡುಗರು ಯಾರನ್ನೂ ಸುಳ್ಳುಗಾರರನ್ನಾಗಿಸದೆ ಎರಡನ್ನೂ ಬರೆದು, ಎದುರಿಗೆ ಅವರವರ ಹೆಸರು ಹಾಕಿದರು. ಪಾಠಾಂತರಗಳನ್ನು ನಮೂದಿಸುವ ಈ ಶಿಸ್ತನ್ನು ಎಂ.ಎ. ತರಗತಿಯಲ್ಲಿ ಕಲಿಯಲು ನನಗೆ ಒಂದು ವರ್ಷ ಹಿಡಿದಿತ್ತು.

ನಾಲ್ಕನೆಯ ದಿನ ನಾನು ಆ ಪಟ್ಟಿಗೆ ಮುನ್ನುಡಿ ಬರೆದೆ. “1964ರಲ್ಲಿ ಈ ಊರುಗಳು ಮುಳುಗಿದವು” ಎಂದು ಆರಂಭ. ಗಂಭೀರವಾಗಿತ್ತು, ಸ್ವಲ್ಪ ಕಾವ್ಯಮಯವಾಗಿಯೂ ಇತ್ತೆಂದು ನನ್ನ ಭಾವನೆ. ಗುಡ್ಡದಿಂದ ಇಳಿದು ಬಂದ ಹುಡುಗ ಕೇಳಿದ: “ಸರ್, ನಮ್ಮದನ್ನೆಲ್ಲ ನೀವು ತಿದ್ದಬಹುದು, ನಿಮ್ಮದನ್ನು ನಾವು ಓದಬಹುದು ಅಷ್ಟೇ. ಹಾಗೆ ಯಾಕೆ ಇಟ್ಟಿದ್ದೀರಿ?”

ನಿಜ. ನಾನು ಅದನ್ನು “ಓದಲು ಮಾತ್ರ” ಎಂದು ಬೀಗ ಹಾಕಿ ಇಟ್ಟಿದ್ದೆ. ಇಪ್ಪತ್ತು ವರ್ಷ ಪಾಠ ಹೇಳಿದವನು. ನನ್ನ ಟಿಪ್ಪಣಿ ಪುಸ್ತಕಗಳನ್ನು ಸಹೋದ್ಯೋಗಿಗಳಿಗೂ ಕೊಟ್ಟವನಲ್ಲ. ನಾಚಿಕೆಯಿಂದ ಬೀಗ ತೆಗೆದೆ. ಮರುದಿನ ಬೆಳಿಗ್ಗೆ ಮೊದಲ ವಾಕ್ಯದ ಪಕ್ಕದಲ್ಲಿಯೇ ಒಂದು ಸಲಹೆ ಕಾದಿತ್ತು. ಶಿಬಿರದಲ್ಲಿ ಹೆಚ್ಚು ಮಾತನಾಡದ ಒಬ್ಬ ಹುಡುಗಿಯದು. “ಮುಳುಗಿದವು” ಎಂಬುದನ್ನು ತೆಗೆದು “ಮುಳುಗಿಸಿದರು” ಎಂದು ಹಾಕಿದ್ದಳು. ಕೆಳಗೆ ಕಾರಣ: “ಅಜ್ಜಿ ಹೇಳಿದ್ದು ಹೀಗೆ: ‘ಮುಳುಗಿದ್ದಲ್ಲ ಕೂಸೇ, ಮುಳುಗ್ಸಿದ್ದು.’”

ನನ್ನೊಳಗಿನ ವೈಯಾಕರಣ ಎದ್ದು ಕುಳಿತ. “ನೋಡಮ್ಮ, ಮುಳುಗು ಅಕರ್ಮಕ, ಕರ್ತೃ ಊರುಗಳು, ಸರಿಯಾಗಿದೆ. ಮುಳುಗಿಸು ಎಂದರೆ ಪ್ರೇರಣಾರ್ಥಕ. ಊರುಗಳನ್ನು ಮುಳುಗಿಸಿದವರು ಯಾರೆಂದು ಕರ್ತೃಪದ ಬರಬೇಕಲ್ಲ? ಅದಿಲ್ಲದೆ ವಾಕ್ಯ ನಿಲ್ಲುವುದು ಹೇಗೆ?” ಎಂದೆ.

“ಅಜ್ಜಿಗೂ ಅದೇ ಪ್ರಶ್ನೆ ಸರ್” ಎಂದಳು.

ಅವಳು ಕೊಂಕು ಮಾತಾಡಿದ್ದಲ್ಲ, ಇದ್ದುದನ್ನು ಹೇಳಿದಳು. ನಾನು ಸುಮ್ಮನಾದೆ. ಶರಾವತಿಯ ವಿದ್ಯುದಾಗಾರದ ಶಕ್ತಿ 1035 ಮೆಗಾವಾಟ್. ಪಟ್ಟಣದ ಹುಡುಗನಾಗಿ ನಾನು ರಾತ್ರಿ ದೀಪದ ಕೆಳಗೆ ಓದಿ ಪದವಿ ಪಡೆದದ್ದು ಅಂಥ ಬೆಳಕಿನಲ್ಲಿಯೇ. ಆ ಕರ್ತೃಪದವನ್ನು ಬಹುವಚನದಲ್ಲಿ ಬರೆಯುವುದಾದರೆ ಅದರಲ್ಲಿ ನನಗೂ ಒಂದು ಸ್ಥಾನ ಸಲ್ಲುತ್ತದೆ. ವಾಚಕರೇ, ನಿಮಗೂ ಸಲ್ಲಬಹುದು. ಬೆಳಕು ಬೇಡವಾಗಿತ್ತೆಂದು ನಾನು ಹೇಳಲಾರೆ. ಆದರೆ ಅಷ್ಟು ವರ್ಷ ನಾನು ಮುಳುಗು ಎಂಬ ಧಾತುವನ್ನು ಹಲಗೆಯ ಮೇಲೆ ಬರೆದು ಅಳಿಸಿದ್ದೆನಲ್ಲದೆ, ಅದಕ್ಕೆ ಇಸು ಪ್ರತ್ಯಯ ಹತ್ತಿದರೆ ಏನಾಗುತ್ತದೆಂಬುದನ್ನು ತಿಳಿದಿರಲಿಲ್ಲ. ಗುಡ್ಡ ಹತ್ತಿ, ಏದುಸಿರು ಬಿಡುತ್ತ, ಆ ಸಲಹೆಯ ಮುಂದೆ ಒಪ್ಪಿಗೆಯ ಗುರುತು ಒತ್ತಿದೆ.

2025ರ ಜುಲೈ 14ರಂದು ಸೇತುವೆ ತೆರೆಯಿತು. ಆ ಬಳಿಕ ಒಮ್ಮೆ ಹೋಗಿದ್ದೆ. ಅಷ್ಟು ದೊಡ್ಡ ನೀರನ್ನು ಬಸ್ಸು ಕೆಲವೇ ನಿಮಿಷಗಳಲ್ಲಿ ದಾಟಿಬಿಟ್ಟಿತು. ಸರಳು ಹಿಡಿಯಲೂ ಪುರಸೊತ್ತಾಗಲಿಲ್ಲ. ಹೆರಿಗೆಯ ಹೆಂಗಸರೂ ಶಾಲೆಯ ಮಕ್ಕಳೂ ಇನ್ನು ದಡದಲ್ಲಿ ಕಾಯಬೇಕಾಗಿಲ್ಲವೆಂಬುದು ದೊಡ್ಡ ಮಾತು. ಕಾಯುವವರಿಲ್ಲದ ಮೇಲೆ ಚಹಾ ಕುಡಿಯುವವರು ಯಾರು? ಹುಡುಗನ ಅಂಗಡಿ ಮುಚ್ಚಿತ್ತು. ಅವನು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಹದಿನಾಲ್ಕರಲ್ಲಿ ಊರಿನಲ್ಲಿ ಉಳಿದವರು ಐದು ಮಂದಿ.

ಆದರೆ ಪಟ್ಟಿ ನಿಂತಿಲ್ಲ. ಊರಿನವರು ಕೇಳಿಕೊಂಡು ಬಂದು ಮಾತನ್ನು ಕಳಿಸುತ್ತಾರೆ. ಅವನು ರಾತ್ರಿ ಕೆಲಸ ಮುಗಿಸಿ ಬಂದು ಅದನ್ನು ಬರಹಕ್ಕಿಳಿಸುತ್ತಾನೆ. ನಾನು ಕಾಗುಣಿತ ನೋಡುತ್ತೇನೆ. ಅದು ನನ್ನ ಪಾಲಿಗೆ ಅವರು ಬಿಟ್ಟಿರುವ ಸಾಲು.

ಮೊನ್ನೆ ಕಡತ ತೆರೆದಾಗ “ಹೇಳಿದವರು” ಎಂಬ ಅಂಕಣದಲ್ಲಿ ಒಂದು ಸಣ್ಣ ಬದಲಾವಣೆ ಆಗಿತ್ತು. ಆ ಹುಡುಗಿಯ ಅಜ್ಜಿಯ ಹೆಸರಿನ ಹಿಂದೆ “ದಿ.” ಎಂದು ಸೇರಿತ್ತು. ಬದಲಿಸಿದವರು ಯಾರೆಂದು ನೋಡಿದೆ: ಮೊಮ್ಮಗಳೇ, ಬೆಳಗಿನ ಜಾವ ಐದು ಗಂಟೆಗೆ. ಆ ಹೆಸರಿನ ಎದುರಿಗೆ ಅಜ್ಜಿ ಹೇಳಿದ ಹನ್ನೊಂದು ಮನೆಗಳೂ ಎರಡು ಬಾವಿಗಳೂ ಒಂದು ಬನವೂ ಹಾಗೆಯೇ ಇದ್ದವು.